ಚಿಕ್ಕಮ್ಮನ ಏಳು ಸೆಕೆಂಡು

ಜೂನ್ 3, ಸೋಮವಾರ

ಎತ್ತಂಗಡಿಯಾಯಿತು. ಹನ್ನೆರಡು ವರ್ಷ ಟಿವಿ ವಾಹಿನಿಯ ಸುದ್ದಿ ವಿಭಾಗದಲ್ಲಿ ಸಂಕಲನಕಾರನಾಗಿ ಕತ್ತರಿ ಆಡಿಸಿದ ನನ್ನನ್ನು ಇವತ್ತಿನಿಂದ ಮಕ್ಕಳ ವಿಭಾಗಕ್ಕೆ ಹಾಕಿದ್ದಾರೆ. ನಾಲ್ಕನೆಯ ಮಹಡಿಯಿಂದ ನೆಲಮಾಳಿಗೆಗೆ. ಲಿಫ್ಟಿನಲ್ಲಿ ಇಳಿಯುವಾಗ ಒಬ್ಬರೂ ನನ್ನ ಮುಖ ನೋಡಲಿಲ್ಲ, ಎಲ್ಲರಿಗೂ ಇದ್ದಕ್ಕಿದ್ದ ಹಾಗೆ ಫೋನಿನಲ್ಲಿ ಕೆಲಸ ಬಂದಿತ್ತು.

ಮಾಡಿದ ಅಪರಾಧ ಇಷ್ಟು. ನಮ್ಮ ಅಧ್ಯಕ್ಷರು ತಮ್ಮ ಹಳೆಯ ಗೆಳೆಯರ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡುತ್ತಾ ಗಂಟಲು ಕಟ್ಟಿ ಹನ್ನೊಂದು ಸೆಕೆಂಡು ಸುಮ್ಮನೆ ನಿಂತರು. ಸುದ್ದಿಯಲ್ಲಿ ಹನ್ನೊಂದು ಸೆಕೆಂಡು ಸುಮ್ಮನೆ ನಿಲ್ಲುವ ಹಕ್ಕು ಯಾರಿಗೂ ಇಲ್ಲ. ಎಲ್ಲರ ಮಾತಿನ ಸಂದುಗಳನ್ನು ಕತ್ತರಿಸುವಂತೆ ಅವರದ್ದನ್ನೂ ಕತ್ತರಿಸಿದೆ. ಪ್ರಸಾರವಾದಾಗ ಅಧ್ಯಕ್ಷರು ಗೆಳೆಯನ ಸಾವನ್ನು ರೈಲಿನ ವೇಳಾಪಟ್ಟಿಯ ಹಾಗೆ ಓದಿ ಮುಗಿಸಿದಂತೆ ಕಂಡಿತಂತೆ. ಅವರ ಹೆಂಡತಿಯೇ "ನಿಮಗೆ ಕರುಳೇ ಇಲ್ವಾ?" ಎಂದು ಕೇಳಿದರಂತೆ. ಅವರಿಗೆ ಕರುಳಿದೆ, ಅದು ನನ್ನ ಕಸದ ಬುಟ್ಟಿಯಲ್ಲಿದೆ.

ಕಾರ್ಯಕ್ರಮಗಳ ಮುಖ್ಯಸ್ಥರನ್ನು ನಾವು ಹಿಂದಿನಿಂದ ಗಡಿಯಾರ ಸಾಹೇಬರು ಎನ್ನುತ್ತೇವೆ, ಎದುರಿಗೆ ಬರೀ ಸಾಹೇಬರು. ಅವರೇ ಒಂದು ದಾರಿ ತೋರಿಸಿದರು.

"ನೋಡಿ, ಆ ಮಕ್ಕಳ ಕಾರ್ಯಕ್ರಮ ಇಪ್ಪತ್ತೆಂಟು ನಿಮಿಷ ಇದೆ. ಜಾಹೀರಾತಿಗೆ ಜಾಗ ಬೇಕು. ದಿನಾ ಇಪ್ಪತ್ತೆರಡಕ್ಕೆ ಇಳಿಸಿಕೊಡಿ. ಸರಿಯಾಗಿ ಕೂತ್ರೆ ಎರಡು ತಿಂಗಳಲ್ಲಿ ನಿಮ್ಮನ್ನ ಮತ್ತೆ ಸುದ್ದಿಗೆ..."

"ಕರೆಸ್ಕೋತೀರಿ," ಎಂದು ನಾನೇ ಮುಗಿಸಿದೆ. ಕಾಯುವುದಕ್ಕೆ ನನ್ನಲ್ಲಿ ಸಮಯವಿರಲಿಲ್ಲ.

ಆರು ನಿಮಿಷ. ಅಷ್ಟು ಕತ್ತರಿಸಿದರೆ ನನ್ನ ಗಾಜಿನ ಕೋಣೆ, ನನ್ನ ಕುರ್ಚಿ, ಮೇಜಿಗೇ ಬರುವ ಚಹಾ, ಎಲ್ಲ ವಾಪಸ್ಸು. ಈ ಡೈರಿ ಹೆಂಡತಿ ಕೆಲಸ ಮಾಡುವ ಔಷಧದಂಗಡಿಗೆ ಪುಕ್ಕಟೆ ಬಂದದ್ದು. ಪ್ರತಿ ಪುಟದ ಕೆಳಗೂ ಒಂದೊಂದು ಗುಳಿಗೆಯ ಹೆಸರಿದೆ. ಇವತ್ತಿನ ಪುಟಕ್ಕೆ ಹೊಟ್ಟೆಯುರಿಯದ್ದು ಬಂದಿದೆ, ಸರಿಯಾಗಿಯೇ ಇದೆ.

ಜೂನ್ 4, ಮಂಗಳವಾರ

ಕಾರ್ಯಕ್ರಮದ ಹೆಸರು ‘ಬನ್ನಿ, ಕೂತ್ಕೊಳ್ಳಿ’. ಇಪ್ಪತ್ತೊಂಬತ್ತು ವರ್ಷದಿಂದ ವಾರಕ್ಕೆ ಐದು ದಿನ, ಸಂಜೆ ಐದಕ್ಕೆ. ಒಂದು ಹಳದಿ ಮೇಜು, ಅದರ ಹಿಂದೆ ಚಿಕ್ಕಮ್ಮ. ಮೊದಲ ವರ್ಷ ನೋಡಿದ ಮಕ್ಕಳಿಗೆ ಮಕ್ಕಳಾಗಿವೆ, ಇವರಿಗೂ ಅರವತ್ತೊಂದಾಗಿದೆ, ಆದರೂ ಇವರು ಚಿಕ್ಕಮ್ಮನೇ. ಪಕ್ಕದಲ್ಲಿ ಡುಬ್ಬಣ್ಣ ಎಂಬ ಬಟ್ಟೆಯ ಒಂಟೆ. ಅದು ಎಲ್ಲವನ್ನೂ ಮರೆಯುತ್ತದೆ. ಒಂಟೆಯ ಕತ್ತನ್ನೂ ಬಾಯನ್ನೂ ಆಡಿಸುವ ಗೊಂಬೆಯವರು ಮೇಜಿನ ಕೆಳಗೆ ಮಣೆ ಹಾಕಿಕೊಂಡು ಕೂತಿರುತ್ತಾರೆ.

ಒಂದು ಸಂಚಿಕೆ ಹಾಕಿಕೊಂಡು ನೋಡಿದೆ. ಚಿಕ್ಕಮ್ಮ ಕೇಳಿದರು: "ಡುಬ್ಬಣ್ಣನ ಟೋಪಿ ಕಳೆದುಹೋಗಿದೆಯಂತೆ. ಎಲ್ಲಿದೆ, ನೀವು ನೋಡಿದ್ರಾ?" ಟೋಪಿ ಒಂಟೆಯ ಡುಬ್ಬದ ಮೇಲೇ ಇತ್ತು, ಕುರುಡನಿಗೂ ಕಾಣುವಷ್ಟು ಕೆಂಪಗೆ. ಆಮೇಲೆ ಚಿಕ್ಕಮ್ಮ ನನ್ನನ್ನು ನೋಡುತ್ತಾ ಸುಮ್ಮನಾದರು. ಒಂಟೆಯೂ ಸುಮ್ಮನಾಯಿತು. ಯಂತ್ರ ಕೈಕೊಟ್ಟಿತೆಂದು ನಾನು ಎದ್ದು ಹಿಂದಿನ ತಂತಿಗಳನ್ನೆಲ್ಲ ಅಲ್ಲಾಡಿಸಿದೆ. ಅಷ್ಟರಲ್ಲಿ ಚಿಕ್ಕಮ್ಮ "ಹೌದು, ಸರಿಯಾಗಿ ಹೇಳಿದ್ರಿ!" ಎಂದರು. ಯಾರು ಹೇಳಿದರು? ಏನು ಹೇಳಿದರು? ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

ಜೂನ್ 7, ಶುಕ್ರವಾರ

ಲೆಕ್ಕ ಹಾಕಿದೆ. ಒಂದು ಸಂಚಿಕೆಯಲ್ಲಿ ಹೀಗೆ ಸುಮ್ಮನಿರುವುದು ನಲವತ್ತೆಂಟು ಸಲ. ಪ್ರತಿ ಸಲ ಏಳು ಸೆಕೆಂಡು. ಒಟ್ಟು ಐದು ನಿಮಿಷ ಮೂವತ್ತಾರು ಸೆಕೆಂಡು. ಶುರುವಿನ ಹಾಡಿನಲ್ಲಿ ಇಪ್ಪತ್ತನಾಲ್ಕು ಸೆಕೆಂಡು ತೆಗೆದರೆ ಆರು ನಿಮಿಷ, ಒಂದು ಕೂದಲೆಳೆಯೂ ಹೆಚ್ಚುಕಮ್ಮಿಯಿಲ್ಲ. ಒಂದೇ ಒಂದು ಮಾತೂ ಹೋಗುವುದಿಲ್ಲ, ಒಂಟೆಯ ಒಂದು ರೋಮವೂ ಕೊಂಕುವುದಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರವಂತೆ. ಬಂಗಾರವಾದರೆ ಜಾಹೀರಾತಿನವರೇ ತೂಗಿಕೊಂಡು ಹೋಗಲಿ. ಇಡೀ ವಾರದ ಸಂಚಿಕೆಗಳನ್ನು ಒಂದೂವರೆ ದಿನದಲ್ಲಿ ಮುಗಿಸಿ ಸಾಹೇಬರಿಗೆ ಕಳಿಸಿದೆ. ಸುದ್ದಿಯವನ ಕೈ ಅಂದರೆ ಸುಮ್ಮನೆಯೇ?

ಜೂನ್ 12, ಬುಧವಾರ

ಇಲ್ಲಿ ನನ್ನ ಪಾಳಿ ಮೂರು ಗಂಟೆಗೆ ಮುಗಿಯುತ್ತದೆ. ಹೆಂಡತಿ ಅಂಗಡಿಯಿಂದ ಬರುವುದು ಎಂಟಕ್ಕೆ. ಹಾಗಾಗಿ ಸಂಜೆ ಮಗಳು ಪುಟ್ಟಿ ನನ್ನ ಪಾಲು. ಅವಳಿಗೆ ಈಗ ಐದು. ಬುದ್ಧಿಗೇನೂ ಕೊರತೆಯಿಲ್ಲ, ಆದರೆ ಮಾತು ಬಹಳ ನಿಧಾನ. ಹೊಳೆ ದಾಟುವವರು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾರಲ್ಲ, ಹಾಗೆ. ನಡುವೆ ನಿಂತು ಸೂರು ನೋಡುತ್ತಾಳೆ.

"ಅಪ್ಪಾ, ನಂಗೆ..."

"ಹಾಲು ಬೇಕಾ? ತಗೋ."

ಹೀಗೆ ನಾನು ಅವಳ ಕೆಲಸ ಹಗುರ ಮಾಡುತ್ತೇನೆ. ಕೊಟ್ಟ ಹಾಲನ್ನು ಕುಡಿಯುತ್ತಾಳೆ, ತಕರಾರಿಲ್ಲ.

ಹೆಂಡತಿ ಬಂದು ಚಪ್ಪಲಿ ಬಿಡುತ್ತಾ "ಇವತ್ತು ಅಂಗಡಿಗೆ ಒಬ್ಬ ಅಜ್ಜ ಬಂದು..." ಎಂದಳು.

"ಚೀಟಿ ಇಲ್ಲದೆ ಔಷಧಿ ಕೇಳಿದ್ರಾ?"

"ಅಲ್ಲ."

"ಚಿಲ್ಲರೆಗೆ ಜಗಳ ತೆಗೆದ್ರಾ?"

"ಬಿಡ್ರಿ, ಏನಿಲ್ಲ," ಎಂದು ಒಳಗೆ ಹೋದಳು. ಏನಿಲ್ಲದಿದ್ದರೆ ಶುರುಮಾಡುವುದು ಯಾಕೆ ಎಂದು ನನಗೆ ತಿಳಿಯುವುದಿಲ್ಲ.

ಜೂನ್ 17, ಸೋಮವಾರ

ಇಪ್ಪತ್ತೆರಡು ನಿಮಿಷದ ಮೊದಲ ಸಂಚಿಕೆ ಪ್ರಸಾರವಾಯಿತು. ಸಾಹೇಬರೇ ನೆಲಮಾಳಿಗೆಗೆ ಇಳಿದು ಬಂದು ಬೆನ್ನು ತಟ್ಟಿದ್ದರು. ಬೆನ್ನು ಇನ್ನೂ ಬೆಚ್ಚಗಿರುವಾಗಲೇ ಮನೆಗೆ ಬಂದು ಪುಟ್ಟಿಯ ಜೊತೆ ಟಿವಿ ಮುಂದೆ ಕೂತೆ. ಅವಳು ಈ ಕಾರ್ಯಕ್ರಮವನ್ನು ಎರಡು ವರ್ಷದಿಂದ ನೋಡುತ್ತಿದ್ದಾಳೆ. ಅದು ನನಗೆ ಗೊತ್ತಾದದ್ದೇ ಮೊನ್ನೆ ಮೊನ್ನೆ.

ಚಿಕ್ಕಮ್ಮ ಪೆಟ್ಟಿಗೆ ತೋರಿಸಿ "ಇದರೊಳಗೆ ಯಾವ ಬಣ್ಣದ ಚೆಂಡು ಇಲ್ಲ?" ಎಂದರು. ಪುಟ್ಟಿ ನೆಟ್ಟಗಾದಳು. ಬಾಯಿ ತೆರೆದಳು. "ಹೌದು, ಸರಿಯಾಗಿ ಹೇಳಿದ್ರಿ!" ಎಂದರು ಚಿಕ್ಕಮ್ಮ. ಪುಟ್ಟಿಯ ಬಾಯಿ ತೆರೆದೇ ಇತ್ತು. ಮುಂದಿನ ಪ್ರಶ್ನೆಗೂ ಹೀಗೇ ಆಯಿತು. ಅದರ ಮುಂದಿನದಕ್ಕೂ. ನಾಲ್ಕನೆಯ ಸಲ ಅವಳು ನನ್ನ ಕಡೆ ತಿರುಗಿದಳು.

"ನಾನು... ಹೇಳೇ ಇಲ್ಲ."

"ಬೇಗ ಹೇಳಬೇಕಮ್ಮ."

"ಚಿಕ್ಕಮ್ಮ... ಸುಳ್ಳು ಹೇಳ್ತಾರೆ," ಎಂದಳು. ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಮಕ್ಕಳಲ್ಲವೇ, ನಾಳೆಗೆ ಸರಿಹೋಗುತ್ತದೆ.

ಜೂನ್ 18, ಮಂಗಳವಾರ

ಪುಟ್ಟಿ ಟಿವಿ ಬೇಡ ಎಂದಳು. ಕಣ್ಣಿಗೆ ಒಳ್ಳೆಯದೇ.

ಜೂನ್ 20, ಗುರುವಾರ

ಇವತ್ತೂ ಬೇಡ ಎಂದಳು. ‘ನಂಗೆ’ ಎಂದೂ ಶುರುಮಾಡಲಿಲ್ಲ. ಹಾಲು ಕೊಟ್ಟೆ, ಹಾಗೇ ಬಿಟ್ಟಳು.

ಜೂನ್ 24, ಸೋಮವಾರ

ಇವತ್ತು ಒಂದು ಒಂಟೆ ನನಗೆ ಉಗಿಯಿತು. ಇದನ್ನು ಬರೆಯದೆ ಇರಲಾರೆ.

ಕಾಗದಗಳು ಬಂದಿದ್ದವು, ಒಂದು ಚೀಲದ ತುಂಬ. ಮಕ್ಕಳ ಚಿತ್ರ, ಕೆಳಗೆ ಅಮ್ಮಂದಿರ ಅಕ್ಷರ. ‘ಚಿಕ್ಕಮ್ಮನಿಗೆ ಬಸ್ಸು ತಪ್ಪಿಹೋಗುತ್ತಾ ಎಂದು ನನ್ನ ಮಗ ಕೇಳುತ್ತಿದ್ದಾನೆ.’ ‘ಚಿಕ್ಕಮ್ಮನಿಗೆ ನನ್ನ ಮೇಲೆ ಕೋಪ ಬಂದಿದೆಯಾ?’ ಒಂದು ಚಿತ್ರದಲ್ಲಿ ಚಿಕ್ಕಮ್ಮನಿಗೆ ಕಾಲೇ ಇರಲಿಲ್ಲ, ಅದರ ಜಾಗದಲ್ಲಿ ನಾಲ್ಕು ಚಕ್ರಗಳಿದ್ದವು.

ಚಿಕ್ಕಮ್ಮ ತಮ್ಮ ಕಾರ್ಯಕ್ರಮವನ್ನು ತಾವು ನೋಡುವವರಲ್ಲ. ಕಾಗದ ಓದಿದ ಮೇಲೆ ನೋಡಿದರಂತೆ. ನನ್ನನ್ನು ಸೆಟ್ಟಿಗೆ ಕರೆಸಿದರು. ಇಲ್ಲೊಂದು ಪದ್ಧತಿಯಿದೆ: ಒಂಟೆ ಕೈಯಲ್ಲಿರುವಾಗ ಯಾರೂ ಗೊಂಬೆಯವರ ಜೊತೆ ಮಾತಾಡುವಂತಿಲ್ಲ, ಏನಿದ್ದರೂ ಒಂಟೆಯ ಜೊತೆ. ದೀಪದವರು, ಕ್ಯಾಮೆರಾದವರು, ಎಲ್ಲರೂ "ಡುಬ್ಬಣ್ಣ, ಸ್ವಲ್ಪ ಬಲಕ್ಕೆ ಬಾರಪ್ಪ" ಎನ್ನುತ್ತಾರೆ. ಮಕ್ಕಳು ಯಾವಾಗ ಸೆಟ್ ನೋಡಲು ಬರುತ್ತಾರೋ ಹೇಳಲಾಗದು ಎಂದು ಮಾಡಿಕೊಂಡ ನಿಯಮ.

ಒಂಟೆ ಕತ್ತು ನೀಟಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. "ನೀನೇನಾ ಆ ಕತ್ತರಿಯವನು?"

"ಹೌದು," ಎಂದೆ. ಹನ್ನೆರಡು ವರ್ಷ ಸುದ್ದಿಯಲ್ಲಿದ್ದವನು, ಬಟ್ಟೆಯ ಒಂಟೆಗೆ ‘ಹೌದು’ ಎಂದೆ.

"ನಾನು ಮರೆಗುಳಿ. ಟೋಪಿ ಎಲ್ಲಿದೆ ಅಂತ ಮಕ್ಕಳು ಹೇಳಿದ್ರೇ ನಂಗೆ ಗೊತ್ತಾಗೋದು. ಅವರ ಬಾಯಿಗೆ ನೀನು ಬೀಗ ಹಾಕಿದ್ರೆ ನಾನೇನು ಬರೀ ತಲೇಲಿ ಓಡಾಡ್ಲಾ?"

ಸೆಟ್ಟಿನಲ್ಲಿ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಚಿಕ್ಕಮ್ಮ ಮಾತ್ರ ನಗಲಿಲ್ಲ. "ಹೇಳಿದ್ದು ಸಾಹೇಬರಂತೆ, ಇವರದ್ದೇನು ತಪ್ಪು?" ಎಂದು ಕಾಗದಗಳನ್ನು ಒಂದೊಂದಾಗಿ ಮಡಚಿಟ್ಟರು. ಒಂಟೆಯ ಬೈಗುಳಕ್ಕಿಂತ ಅದೇ ಹೆಚ್ಚು ನಾಟಿತು.

ಜೂನ್ 26, ಬುಧವಾರ

ಗೊಂಬೆಯವರ ಎಡಗೈ ಸಾಮಾನಿನ ಕೋಣೆಯ ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿದೆ. ಬಲಗೈ ಒಂಟೆಯೊಳಗೆ ಇರಲೇಬೇಕು. ಎಡಗೈಗೆ ಇನ್ನೊಂದು ಕೆಲಸವಿದೆಯೆಂದು ನನಗೆ ಗೊತ್ತೇ ಇರಲಿಲ್ಲ: ಪ್ರಶ್ನೆ ಕೇಳಿದ ಮೇಲೆ ಅವರು ಮೇಜಿನ ಕೆಳಗೆ ಚಿಕ್ಕಮ್ಮನ ಪಾದವನ್ನು ಸೆಕೆಂಡಿಗೊಂದರಂತೆ ಏಳು ಸಲ ತಟ್ಟುತ್ತಾರೆ. ಏಳನೆಯ ತಟ್ಟಿಗೆ ಚಿಕ್ಕಮ್ಮ ಬಾಯಿ ತೆರೆಯುತ್ತಾರೆ. ಇಪ್ಪತ್ತೊಂಬತ್ತು ವರ್ಷದಿಂದ ಹೀಗೇ.

"ಕೈ ಖಾಲಿ ಇರೋದು ನಿಮ್ಮದೊಂದೇ," ಎಂದು ನನ್ನನ್ನು ಮೇಜಿನ ಕೆಳಗೆ ತೂರಿಸಿದರು. ಗೊಂಬೆಯವರ ಮೊಣಕಾಲು, ನನ್ನ ಮೊಣಕಾಲು, ಚಿಕ್ಕಮ್ಮನ ಹಸಿರು ಚಪ್ಪಲಿ. ಗಾಳಿಯಿಲ್ಲ. ಮೇಲೆ ಪ್ರಶ್ನೆ ಬಂತು. ತಟ್ಟಲು ಶುರುಮಾಡಿದೆ.

ಏಳು ಸೆಕೆಂಡು ಎಷ್ಟು ಉದ್ದ ಎಂದು ಬರೆದರೆ ಯಾರೂ ನಂಬರು. ಎರಡನೆಯದಕ್ಕೇ ನನ್ನ ಬೆನ್ನು ಬೆವರಿತು. ಏನೋ ಕೆಟ್ಟುಹೋಗಿದೆ, ಯಾರಾದರೂ ಏನಾದರೂ ಮಾತಾಡಿ ಎಂದು ಎದೆ ಬಡಿದುಕೊಳ್ಳುತ್ತಿತ್ತು. ಉಳಿದ ಐದನ್ನು ಬಾಗಿಲು ಬಡಿದ ಹಾಗೆ ಟಕಟಕ ತಟ್ಟಿ ಮುಗಿಸಿದೆ. ಚಿಕ್ಕಮ್ಮ ಪಾಪ, ತಟ್ಟಿಗೆ ಸರಿಯಾಗಿ ಬಾಯಿ ತೆರೆದರು. ಆಮೇಲೆ ಬಗ್ಗಿ ಮೇಜಿನ ಕೆಳಗೆ ಇಣುಕಿದರು.

"ಇನ್ನೊಂದು ಸಲ ತಗೊಳ್ಳೋಣ. ಕೆಲವರನ್ನ ಬಿಟ್ಟುಬಿಟ್ರಿ."

"ಯಾರನ್ನ?"

"ಶುರುಮಾಡೋವಾಗ ನಾವೊಂದು ಶಿಶುವಿಹಾರಕ್ಕೆ ಹೋಗಿ ತಿಂಗಳುಗಟ್ಟಲೆ ಕೂತಿದ್ವಿ, ಗಡಿಯಾರ ಹಿಡ್ಕೊಂಡು. ಚುರುಕು ಮಕ್ಕಳು ಎರಡು ಸೆಕೆಂಡಿಗೇ ಉತ್ತರ ಹೇಳಿಬಿಡ್ತವೆ. ಅವಕ್ಕೆ ನಾನೂ ಬೇಡ, ಒಂಟೇನೂ ಬೇಡ. ಕೊನೇ ಮಗು ಬಾಯಿ ಬಿಡೋಕೆ ಆರೂವರೆ ಆಯ್ತು. ಅದಕ್ಕೇ ಏಳು."

"ನೀವೇ ಎಣಿಸ್ಕೋಬಹುದಲ್ಲ?"

"ಎಣಿಸೋ ಮುಖ ಮಕ್ಕಳಿಗೆ ಗೊತ್ತಾಗಿಬಿಡುತ್ತೆ. ಆ ಹೊತ್ತಲ್ಲಿ ನಾನು ಕೇಳಿಸ್ಕೋತಾ ಇರಬೇಕು."

ನಲವತ್ತೆಂಟು ಸಲ ತಟ್ಟಿದೆ. ಮೂವತ್ತನೆಯದರ ಹೊತ್ತಿಗೆ ಬೆವರು ನಿಂತಿತು. ನಲವತ್ತರ ಹೊತ್ತಿಗೆ, ನಗಬಾರದು, ಆ ಸದ್ದಿಲ್ಲದ ಜಾಗದಲ್ಲಿ ಎಲ್ಲೆಲ್ಲಿಂದಲೋ ಮಕ್ಕಳು "ಡುಬ್ಬದ ಮೇಲೆ! ಡುಬ್ಬದ ಮೇಲೆ!" ಎನ್ನುವುದು ನನಗೂ ಕೇಳಿಸಿದಂತಾಯಿತು. ಕೆಳಗೆ ಗಾಳಿ ಕಡಿಮೆ, ಅದಕ್ಕಿರಬೇಕು.

ಜೂನ್ 27, ಗುರುವಾರ

ಬರೀ ಕುತೂಹಲಕ್ಕೆ ಪುಟ್ಟಿಗೆ ಎಷ್ಟು ಬೇಕು ಎಂದು ಅಳೆದೆ. ಒಂದು ವಾರದ ಮೇಲೆ ಇವತ್ತು ತಾನಾಗಿ ಬಂದು "ಅಪ್ಪಾ, ನಂಗೆ..." ಎಂದು ನಿಂತಳು. ಹಾಲಿನ ಲೋಟಕ್ಕೆ ಹೋದ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೆ. ಸೂರು ನೋಡಿದಳು. ನನ್ನನ್ನು ನೋಡಿದಳು. ನಾನು ಇನ್ನೂ ಸುಮ್ಮನಿರುವುದು ಕಂಡು ಸ್ವಲ್ಪ ಗಾಬರಿಯೂ ಆದಳು. ಐದೂವರೆ ಸೆಕೆಂಡು.

"...ಒಂದು ಡೌಟು. ಚಂದ್ರನ ಮೇಲೆ ಹೋದವರು... ಚಪ್ಪಲಿ ಎಲ್ಲಿ ಬಿಡ್ತಾರೆ?"

ಎರಡು ವರ್ಷದಿಂದ ಈ ಹುಡುಗಿ ಇಂಥದ್ದನ್ನೆಲ್ಲ ಕೇಳಲು ಬರುತ್ತಿದ್ದಳು, ನಾನು ಹಾಲು ಕುಡಿಸಿ ಕಳಿಸುತ್ತಿದ್ದೆ. ಎಷ್ಟು ಲೀಟರಾಯಿತೋ. ನನಗೆ ಬಹಳ ಬೇಜಾರಾಯಿತು. ಚಪ್ಪಲಿಯ ವಿಷಯ ಇಬ್ಬರೂ ಕೂತು ಅರ್ಧ ಗಂಟೆ ಚರ್ಚಿಸಿದೆವು, ಇನ್ನೂ ತೀರ್ಮಾನವಾಗಿಲ್ಲ.

ಜುಲೈ 1, ಸೋಮವಾರ

ಸಾಹೇಬರ ಕೋಣೆಗೆ ಹೋಗಿ ಹಳೆಯ ಸಂಚಿಕೆ ಹಾಕಿ ತೋರಿಸಿದೆ. ಚಿಕ್ಕಮ್ಮ ಟೋಪಿ ಎಲ್ಲಿ ಎಂದು ಕೇಳಿ ಸುಮ್ಮನಾದರು. ಸಾಹೇಬರು ಒಂದನೆಯ ಸೆಕೆಂಡಿಗೆ ಗಡಿಯಾರ ನೋಡಿದರು, ಎರಡಕ್ಕೆ ಪೆನ್ನು ತಿರುಗಿಸಿದರು, ಮೂರಕ್ಕೆ "ನಿಂತುಹೋಯ್ತಾ?" ಎಂದರು, ನಾಲ್ಕಕ್ಕೆ ತಾವೇ ಎದ್ದು ತಂತಿ ಅಲ್ಲಾಡಿಸಿದರು. ಐದಕ್ಕೆ ತಡೆಯಲಾರದೆ "ಡುಬ್ಬದ ಮೇಲಿದೆಯಲ್ರಿ, ಕಾಣಲ್ವಾ!" ಎಂದು ಕೂಗಿದರು.

"ಹೌದು, ಸರಿಯಾಗಿ ಹೇಳಿದ್ರಿ!" ಎಂದರು ಚಿಕ್ಕಮ್ಮ.

ಸಾಹೇಬರ ಮುಖದಲ್ಲಿ ಒಂದು ಚೂರು ಖುಷಿ ಹಾದುಹೋದದ್ದನ್ನು ನಾನು ನೋಡಿದೆ, ಪ್ರಮಾಣ ಮಾಡಿ ಹೇಳಬಲ್ಲೆ. ತಕ್ಷಣ ಒರೆಸಿಕೊಂಡರು. "ಅದೆಲ್ಲ ನಂಗೊತ್ತಿಲ್ಲ. ಎಲ್ಲಿಂದ ತೆಗೀತೀರೋ ನಿಮ್ಮ ತಲೆನೋವು. ನಂಗೆ ಇಪ್ಪತ್ತೆರಡು ನಿಮಿಷ ಬೇಕು."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆಯಿತು, ನೋಡೋಣ.

ಜುಲೈ 4, ಗುರುವಾರ

ಹಳದಿ ಮೇಜಿನ ಸುತ್ತ ಎಲ್ಲರೂ ಕೂತೆವು. ಆರು ನಿಮಿಷ ಯಾರ ಕಿಸೆಯಿಂದ ತೆಗೆಯುವುದು? ಗೊಂಬೆಯವರು ಒಂಟೆಯ ಕುಣಿತವನ್ನು ಬಿಟ್ಟುಕೊಟ್ಟರು. "ತಗೊಳ್ಳಿ ಸ್ವಾಮಿ, ನನ್ನ ಮೊಣಕಾಲು ಹತ್ತು ವರ್ಷದಿಂದ ಅರ್ಜಿ ಹಾಕ್ತಾ ಇದೆ." ಕೊನೆಯಲ್ಲಿ ಓಡುವ ನಮ್ಮೆಲ್ಲರ ಹೆಸರು ಹೋಯಿತು. ನಿನ್ನೆ ಏನಾಯಿತೆಂದು ಮತ್ತೆ ತೋರಿಸುವ ತುಣುಕು ಹೋಯಿತು, ಮಕ್ಕಳಿಗೆ ನಿನ್ನೆಯದು ನಮಗಿಂತ ಚೆನ್ನಾಗಿ ನೆನಪಿರುತ್ತದಂತೆ. ಆದರೂ ಒಂದು ನಿಮಿಷ ಸಾಲದಾಯಿತು.

ಚಿಕ್ಕಮ್ಮ ಶುರುವಿನ ಹಾಡು ತೆಗೆಯಿರಿ ಎಂದರು. ಪೂರ್ತಿ. ಅದು ಅವರೇ ಮೂವತ್ತೆರಡನೆಯ ವಯಸ್ಸಿನಲ್ಲಿ ಹಾಡಿದ್ದು. ಆ ದನಿ ಈಗ ಅವರಲ್ಲಿಲ್ಲ, ಆ ಹಾಡಿನಲ್ಲಿ ಮಾತ್ರ ಇದೆ.

"ಅದು ನಾನು ಹಾಡೋ ಹೊತ್ತು," ಎಂದರು. "ಇದು ಅವರು ಮಾತಾಡೋ ಹೊತ್ತು. ತೆಗೀರಿ."

ತೆಗೆದೆ. ತೆಗೆಯುವ ಮುಂಚೆ ಮೂರು ಸಲ ಕೇಳಿದೆ. ಸಂಕಲನ ಮಾಡುವಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ಇದೇ ಮೊದಲು.

ಜುಲೈ 11, ಗುರುವಾರ

ಇವಳಿಗೆ ಏನಾಗಿದೆಯೋ. ಇವತ್ತು ಅಂಗಡಿಯಿಂದ ಬಂದವಳು ಮುಕ್ಕಾಲು ಗಂಟೆ ಮಾತಾಡಿದಳು. ಅಂಗಡಿಗೆ ಒಬ್ಬ ಅಜ್ಜ ಬರುತ್ತಾರಂತೆ, ಏನನ್ನೂ ಕೊಳ್ಳುವುದಿಲ್ಲವಂತೆ, ತೀರಿಹೋದ ಹೆಂಡತಿಯ ಗುಳಿಗೆಗಳ ಹೆಸರನ್ನು ಒಂದೊಂದಾಗಿ ಹೇಳಿ ಹೋಗುತ್ತಾರಂತೆ. ಮದುವೆಯಾಗಿ ಎಂಟು ವರ್ಷದಲ್ಲಿ ಇಷ್ಟು ಮಾತಾಡಿದ್ದು ಕಂಡಿಲ್ಲ. ಪುಟ್ಟಿಯೂ ಈಗ ಉದ್ದುದ್ದ ವಾಕ್ಯ ಹೇಳುತ್ತಾಳೆ. ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿದ್ದಾಳೆ.

ಜುಲೈ 15, ಸೋಮವಾರ

ಹೊಸ ಇಪ್ಪತ್ತೆರಡು ನಿಮಿಷ ಪ್ರಸಾರವಾಯಿತು. ಹಾಡಿಲ್ಲ, ಕುಣಿತವಿಲ್ಲ, ನಲವತ್ತೆಂಟೂ ಇವೆ. ಪುಟ್ಟಿ ನಂಬದೆ ಬಾಗಿಲಲ್ಲೇ ನಿಂತಿದ್ದಳು. ಮೊದಲ ಪ್ರಶ್ನೆಗೆ ಚಿಕ್ಕಮ್ಮ ಸುಮ್ಮನಾದರು. ಪುಟ್ಟಿಯೂ ಸುಮ್ಮನಿದ್ದಳು. ಎರಡನೆಯದಕ್ಕೆ ಒಂದು ಹೆಜ್ಜೆ ಒಳಗೆ ಬಂದಳು. ಮೂರನೆಯದಕ್ಕೆ "...ನೀಲಿ!" ಎಂದು ಕಿರುಚಿದಳು, ನೆರೆಯವರು ಗೋಡೆ ತಟ್ಟುವಷ್ಟು ಜೋರಾಗಿ.

"ಹೌದು, ಸರಿಯಾಗಿ ಹೇಳಿದ್ರಿ!"

ಈ ಸಲ ಸುಳ್ಳಾಗಿರಲಿಲ್ಲ.

ಜುಲೈ 19, ಶುಕ್ರವಾರ

ಸಾಹೇಬರು ಮಾತಿಗೆ ತಪ್ಪುವವರಲ್ಲ. ಸುದ್ದಿ ವಿಭಾಗದ ಪತ್ರ ಕೈಗೆ ಕೊಟ್ಟರು. ಅದೇ ಗಾಜಿನ ಕೋಣೆ. ಸೋಮವಾರ ಹತ್ತು ಗಂಟೆಯೊಳಗೆ ರುಜು ಹಾಕಿ ಕೊಡಬೇಕು.

ನನ್ನ ಜಾಗಕ್ಕೆ ಬರುವಾಕೆಯೂ ಬಂದು ನೋಡಿಕೊಂಡು ಹೋದಳು. ಬಹಳ ಚುರುಕು. ಒಂದು ಸಂಚಿಕೆ ನೋಡಿ "ಸರ್, ಈ ಖಾಲಿ ಜಾಗಗಳೆಲ್ಲ ಹಾಗೇ ಉಳಿದುಬಿಟ್ಟಿವೆ. ನೀವು ಟೆನ್ಷನ್ ಮಾಡ್ಕೋಬೇಡಿ, ನಾನು ಬಂದ ದಿನವೇ ಕ್ಲೀನ್..."

ಮುಗಿಸುವವರೆಗೆ ಕಾದೆ.

"...ಮಾಡಿಬಿಡ್ತೀನಿ," ಎಂದಳು.

ಅವಳಿಗೆ ಎಲ್ಲವನ್ನೂ ವಿವರಿಸಿದೆ. ತಲೆಯಾಡಿಸಿದಳು, ಕೈ ಮಾತ್ರ ಮೇಜಿನ ಮೇಲೆ ತಾಳ ಹಾಕುತ್ತಿತ್ತು. ನಾನೂ ಹೀಗೇ ಇದ್ದೆನೇ? ಇರಲಾರೆ.

ಜುಲೈ 21, ಭಾನುವಾರ

ಪತ್ರ ಚೀಲದಲ್ಲೇ ಇದೆ. ಹೋಗುತ್ತೇನೋ ಇಲ್ಲವೋ ಎಂದು ಹೆಂಡತಿಗೂ ನಾನಿನ್ನೂ ಹೇಳಿಲ್ಲ. ಎರಡು ದಿನದಿಂದ ಅದನ್ನು ಎಂಟು ಸಲ ತೆಗೆದು ಓದಿ ಮತ್ತೆ ಒಳಗಿಟ್ಟಿದ್ದೇನೆ. ಗಾಜಿನ ಕೋಣೆ ಬೇಕು ಎನಿಸುತ್ತದೆ, ನಿಜ. ಮನೆಯಲ್ಲಿ ಕೂತಿದ್ದರೆ ಅದೇ ಯೋಚನೆ ಎಂದು ಒಗೆದ ಬಟ್ಟೆಯ ಬಕೆಟ್ ಹಿಡಿದು ಮಹಡಿಗೆ ಹೋದೆ. ಪುಟ್ಟಿ ಕ್ಲಿಪ್ಪಿನ ಡಬ್ಬಿ ಹಿಡಿದು ಹಿಂದೆಯೇ ಬಂದಳು. ನಾನು ಹರವುವುದು, ಅವಳು ಒಂದೊಂದು ಕ್ಲಿಪ್ಪು ಕೊಡುವುದು.

"ಅಪ್ಪಾ, ನೀನು..."

ಎರಡು ಅಂಗಿ, ಒಂದು ಟವೆಲ್ ಹರವಿದೆ.

"...ಮತ್ತೆ ಸುದ್ದಿಗೆ ಹೋಗ್ತೀಯಾ?"

ಅವಳಿಗೆ ಯಾರು ಹೇಳಿದರೋ. ಈ ಮನೆಯಲ್ಲಿ ಗೋಡೆಗಳಿಗೆ ಕಿವಿಯಿಲ್ಲ, ಇವಳಿಗಿದೆ. ಏನೋ ಹೇಳಲು ಹೊರಟೆ, ಬರಲಿಲ್ಲ. ಕೈಯಲ್ಲಿ ಅವಳದೇ ಒಂದು ಕಾಲುಚೀಲವಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಪುಟ್ಟಿ ಕ್ಲಿಪ್ಪು ಹಿಡಿದ ಕೈಯನ್ನು ನನ್ನ ಕಡೆಗೆ ಚಾಚಿಕೊಂಡೇ ನಿಂತಿದ್ದಳು. ಮಾತಾಡಲಿಲ್ಲ, ಅತ್ತಿತ್ತ ನೋಡಲೂ ಇಲ್ಲ. ಏಳಲ್ಲ, ಇಪ್ಪತ್ತೋ ಮೂವತ್ತೋ ಸೆಕೆಂಡು ಆಗಿರಬೇಕು.

"ಇಲ್ಲ ಪುಟ್ಟಿ," ಎಂದೆ. "ಹೋಗಲ್ಲ." ಹೇಳಿದ ಮೇಲೆಯೇ ಅದು ನನಗೂ ಖಚಿತವಾಯಿತು.

ಅವಳು ಕ್ಲಿಪ್ಪು ಕೊಟ್ಟಳು. "ನಂಗೊತ್ತಿತ್ತು."

"ಗೊತ್ತಿದ್ರೆ ಮತ್ಯಾಕೆ ಕೇಳ್ದೆ?"

ಸೂರಿಲ್ಲದ್ದರಿಂದ ಆಕಾಶ ನೋಡಿದಳು.

"ನಿಂಗೆ... ಗೊತ್ತಿರ್ಲಿಲ್ವಲ್ಲ. ಅದಕ್ಕೇ ಕಾಯ್ತಾ ಇದ್ದೆ."